ಮಂಗಳಾರತಿ ಬೇಡ, ಫೀಡ್‌ಬ್ಯಾಕ್ ಕೊಡಿ

‘ಈ ಕರೆಯನ್ನು ತರಬೇತಿ ಹಾಗೂ ಗುಣಮಟ್ಟದ ಉದ್ದೇಶಕ್ಕಾಗಿ ರೆಕಾರ್ಡ್ ಮಾಡಲಾಗುತ್ತಿದೆ.’ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದವರೆಲ್ಲ ಈ ವಾಕ್ಯ ಕೇಳಿರುತ್ತೀರಿ. ಯಾವಾಗ ಮುಗಿಯುತ್ತದೋ ಎಂದು ಬೇಸರದಿಂದ ಕಾದಿರುತ್ತೀರಿ. ಆ ರೆಕಾರ್ಡಿಂಗ್ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದವರು ಕಡಿಮೆ. ಅದರಲ್ಲಿ ಒಂದಿಷ್ಟು ನನ್ನ ಕಿವಿಗೆ ಬರುತ್ತದೆ. ಆ ‘ತರಬೇತಿ’ ಎಂಬ ಪದದ ಹಿಂದೆ ಹೆಡ್‌ಫೋನ್ ಹಾಕಿಕೊಂಡು ಕೂತಿರುವವಳು ನಾನು.

ನಮ್ಮದು ತರೀಕೆರೆ ಹತ್ತಿರದ ಹಳ್ಳಿ. ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಬಂದು, ಮೊಬೈಲ್ ಗ್ರಾಹಕರ ದೂರು ಕೇಳುವ ಕಾಲ್ ಸೆಂಟರೊಂದರ ಕನ್ನಡ ವಿಭಾಗದಲ್ಲಿ ಎರಡು ವರ್ಷ ಕರೆ ತೆಗೆದುಕೊಂಡೆ. ನಾಲ್ಕು ವರ್ಷಗಳಿಂದ ಅಲ್ಲೇ ಕೋಚ್. ಈ ಹುದ್ದೆ ಏನೆಂದು ಅಮ್ಮನಿಗೆ ಅರ್ಥ ಮಾಡಿಸಲು ಹೋಗಿ ಸಾಕಾಗಿದೆ. ‘ಕೋಚ್ ಅಂದ್ರೆ ಕ್ರಿಕೆಟ್ಟಿಂದೋ, ರೈಲಿಂದೋ?’ ಎಂದು ಕೇಳಿದಳು. ತಮಾಷೆಯೆಂದರೆ ಅಮ್ಮನ ಎರಡನೆಯ ಊಹೆಯೇ ಮೂಲಕ್ಕೆ ಹತ್ತಿರ. ಹಂಗೇರಿಯ ಕೋಚ್ ಎಂಬ ಹಳ್ಳಿಯಲ್ಲಿ ತಯಾರಾಗುತ್ತಿದ್ದ ಕುದುರೆ ಗಾಡಿಯಿಂದ ಈ ಪದ ಹುಟ್ಟಿತು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಕಾಲೇಜು ಹುಡುಗರು ತಮ್ಮನ್ನು ಪರೀಕ್ಷೆ ದಾಟಿಸುವ ಮೇಷ್ಟರಿಗೆ ಅದೇ ಹೆಸರಿಟ್ಟರು. ಆಟದ ಮೈದಾನಕ್ಕೆ, ಆಫೀಸಿಗೆ ಅದು ಬಂದದ್ದು ಆಮೇಲೆ.

ನನ್ನ ಕೆಲಸ ಇಷ್ಟೇ: 22 ಜನರ ಕರೆಗಳಲ್ಲಿ ಕೆಲವನ್ನು ಆರಿಸಿ ಕೇಳಬೇಕು, ಸ್ಕೋರ್ ಶೀಟ್ ತುಂಬಬೇಕು, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಎಲ್ಲಿ ಚೆನ್ನಾಗಿತ್ತು, ಎಲ್ಲಿ ಸರಿಯಾಗಬೇಕು ಎಂದು ಹೇಳಬೇಕು. ಇದಕ್ಕೆ ಆಫೀಸಿನ ಹೆಸರು ‘ಫೀಡ್‌ಬ್ಯಾಕ್ ಸೆಷನ್’. ಫ್ಲೋರಿನ ಹುಡುಗರ ಬಾಯಲ್ಲಿ ಅದರ ಹೆಸರು ಬೇರೆ. ‘ನಿಂದು ಮಂಗಳಾರತಿ ಆಯ್ತೇನೋ?’ ‘ಇಲ್ಲ ಮಗಾ, ಮೂರು ಗಂಟೆಗಿದೆ.’ ಇನ್ನು ಕೆಲವರದ್ದು ‘ಕ್ಲಾಸ್ ತಗೊಂಡ್ರು’, ‘ಸಹಸ್ರನಾಮ ಆಯ್ತು’. ಹೆಸರುಗಳು ನಗು ತರಿಸುತ್ತವೆ, ಆದರೆ ಸುಮ್ಮನೆ ಹುಟ್ಟಿದವಲ್ಲ. ಮನೆಯಲ್ಲಿ, ಶಾಲೆಯಲ್ಲಿ, ಟ್ಯೂಷನ್ನಿನಲ್ಲಿ ನಮ್ಮನ್ನು ಯಾರಾದರೂ ತಿದ್ದಿದ್ದರೆ ಅದರ ಜೊತೆಗೊಂದು ಬೈಗುಳ ಉಚಿತವಾಗಿ ಬಂದಿರುತ್ತದೆ. ಕಾಲೇಜಿನಲ್ಲಿ ಅದೂ ಇಲ್ಲ. ಉತ್ತರ ಪತ್ರಿಕೆಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ 41 ಎಂದಿರುತ್ತದೆ. ಉಳಿದ ಅಂಕ ಎಲ್ಲಿ ಹೋಯಿತು ಎಂದು ಕೇಳಿದರೆ ‘ಚೆನ್ನಾಗಿ ಓದಬೇಕಮ್ಮ’ ಎಂಬ ಉತ್ತರ. ಇಷ್ಟನ್ನೇ ನೋಡಿ ಬೆಳೆದ ಹುಡುಗ ಕೆಲಸಕ್ಕೆ ಸೇರಿದ ಮೂರನೇ ವಾರ ‘ಒಂದು ನಿಮಿಷ ಬಾ, ಫೀಡ್‌ಬ್ಯಾಕ್ ಇದೆ’ ಎಂದರೆ ಬೆವರದೆ ಇನ್ನೇನು ಮಾಡುತ್ತಾನೆ?

ನಾನು ಕೋಚ್ ಆದ ಹೊಸದರಲ್ಲೇ ಹಿಂದಿನ ವರ್ಷದ ಫೀಡ್‌ಬ್ಯಾಕ್ ಹಾಳೆಗಳನ್ನೆಲ್ಲ ತೆಗೆದು ಓದಿದ್ದೆ. ಬೈಗುಳ ಎಲ್ಲೂ ಇರಲಿಲ್ಲ. ಬರೆದವರು ಸಭ್ಯರೇ. ಆದರೆ ಹಾಳೆಯಿಂದ ಹಾಳೆಗೆ ಅವೇ ಐದಾರು ಮಾತು: ಕಾನ್ಫಿಡೆನ್ಸ್ ಕಡಿಮೆ, ಎನರ್ಜಿ ಸಾಲದು, ಟೋನ್ ಇಂಪ್ರೂವ್ ಆಗಬೇಕು, ಓನರ್‌ಶಿಪ್ ತಗೋಬೇಕು, ಒಟ್ಟಾರೆ ಗುಡ್, ಕೀಪ್ ಇಟ್ ಅಪ್. ಹೆಸರು ಮುಚ್ಚಿ ಓದಿದರೆ ಯಾವ ಹಾಳೆ ಯಾರದ್ದು ಎಂದು ಹೇಳಲು ಬ್ರಹ್ಮನಿಂದಲೂ ಆಗುತ್ತಿರಲಿಲ್ಲ. ಇದನ್ನು ಕೈಗೆ ಕೊಟ್ಟು ಕಳಿಸಿದರೆ ಆ ಮನುಷ್ಯ ನಾಳೆ ಬೆಳಗ್ಗೆ ಒಂಬತ್ತಕ್ಕೆ ಬಂದು ಏನನ್ನು ಬೇರೆ ಥರ ಮಾಡಬೇಕು? ‘ಎನರ್ಜಿ’ ಹೆಚ್ಚಿಸಿಕೊಳ್ಳಲು ಗ್ಲೂಕೋಸ್ ಕುಡಿಯಬೇಕೆ?

ಹಾವೇರಿ ಕಡೆಯ ಹುಡುಗಿಯೊಬ್ಬಳ ವಿಷಯ ಇಲ್ಲಿ ಹೇಳಲೇಬೇಕು. ಆಗ ಅವಳು ಕೆಲಸಕ್ಕೆ ಸೇರಿ ಎರಡು ತಿಂಗಳು ಕಳೆದಿತ್ತು. ನಮ್ಮಲ್ಲಿ ಪ್ರೊಬೆಷನ್ ಮೂರು ತಿಂಗಳು. ಅಷ್ಟರಲ್ಲಿ ಸ್ಕೋರ್ 85 ದಾಟದಿದ್ದರೆ ಮನೆಗೆ. ಅವಳದ್ದು 70ರ ಸುತ್ತ ಸುತ್ತುತ್ತಿತ್ತು. ಪಿ.ಜಿ. ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ತಮ್ಮನ ಡಿಪ್ಲೊಮಾ ಫೀಸಿಗೆ ಕಳಿಸುತ್ತಿದ್ದಳೆಂದು ಅವಳ ಗೆಳತಿಯಿಂದ ಗೊತ್ತಾಗಿತ್ತು. ಅವಳ ಫೈಲಿನಲ್ಲಿದ್ದ ನಾಲ್ಕು ಫೀಡ್‌ಬ್ಯಾಕ್ ಹಾಳೆಗಳ ಸಾರ ಇಷ್ಟು: ಕಾನ್ಫಿಡೆನ್ಸ್ ಇಲ್ಲ, ಭಾಷೆ ರಫ್ ಇದೆ.

ಅವಳ ತಂಡ ನನಗೆ ಬಂದ ಮೇಲೆ ಅವಳ 11 ಕರೆಗಳನ್ನು ಕೂತು ಕೇಳಿದೆ. ಭಾಷೆಯಲ್ಲಿ ಒರಟುತನ ಎಲ್ಲೂ ಕಾಣಲಿಲ್ಲ. ಕಂಡದ್ದು ಮೌನ. ಗ್ರಾಹಕರು ಪ್ರಶ್ನೆ ಕೇಳುತ್ತಿದ್ದಂತೆ ಈ ಕಡೆಯಿಂದ ಸದ್ದೇ ಇಲ್ಲ. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್. ಒಂದು ಕರೆಯಲ್ಲಿ 40 ಸೆಕೆಂಡ್. ಫೋನಿನಲ್ಲಿ 40 ಸೆಕೆಂಡ್ ಎಂದರೆ ಒಂದು ಯುಗ. ನಂಬಿಕೆ ಬಾರದಿದ್ದರೆ ಈಗಲೇ ಯಾರಿಗಾದರೂ ಫೋನ್ ಮಾಡಿ ಸುಮ್ಮನಿದ್ದು ನೋಡಿ. ನಮ್ಮ ಕ್ಷೇತ್ರದಲ್ಲಿ ಇದಕ್ಕೆ ‘ಡೆಡ್ ಏರ್’ ಎನ್ನುತ್ತಾರೆ. ಗ್ರಾಹಕರು ‘ಹಲೋ... ಹಲೋ...’ ಎನ್ನುತ್ತಾರೆ, ಲೈನ್ ಕಟ್ ಆಯಿತೆಂದು ಇಟ್ಟುಬಿಡುತ್ತಾರೆ, ಮತ್ತೆ ಫೋನ್ ಮಾಡಿ ಬೇರೆಯವರ ಹತ್ತಿರ ರೇಗುತ್ತಾರೆ. ಅಂಕ ಹೋಗುತ್ತಿದ್ದದ್ದು ಅಲ್ಲಿ.

ಅವಳನ್ನು ಸಣ್ಣ ರೂಮಿಗೆ ಕರೆದು ಆ ಕರೆ ಹಾಕಿದೆ. ‘ಇಲ್ಲಿ ಕೇಳು. ಎರಡನೇ ನಿಮಿಷದಿಂದ 40 ಸೆಕೆಂಡ್ ನಿನ್ನ ಕಡೆಯಿಂದ ಏನೂ ಕೇಳಿಸಲ್ಲ. ಅವರು ಮೂರು ಸಲ ಹಲೋ ಅಂದ್ರು. ಆ ಹೊತ್ತಲ್ಲಿ ಏನಾಗ್ತಿತ್ತು?’ ಎಂದೆ. ಸ್ವಲ್ಪ ಹೊತ್ತು ಟೇಬಲ್ ನೋಡುತ್ತ ಕೂತಳು. ಆಮೇಲೆ, ‘ಅಕ್ಕಾ, ತಲಿಯೊಳಗ ಮಾತು ಜೋಡಸಾಕತ್ತಿದ್ದೆ ರೀ. ನಮ್ಮ ಕಡೆ ಮಾತು ಬಾಯಾಗ ಬಂದುಬಿಡ್ತಾವಂತ ಅಂಜಿಕಿ’ ಎಂದಳು.

ಅಲ್ಲಿಗೆ ಗಂಟು ಬಿಚ್ಚಿತು. ಮೊದಲ ತಿಂಗಳು ಯಾರೋ ‘ನಿಮ್ಮ ಭಾಷೆ ರಫ್ ಇದೆ’ ಎಂದಿದ್ದಾರೆ. ಯಾವ ಪದ, ಯಾವ ಕರೆ, ಗ್ರಾಹಕರಿಗೆ ಅದರಿಂದ ಏನಾಯಿತು ಎಂದು ಹೇಳಿಲ್ಲ. ಅವಳು ಅದನ್ನು ತನ್ನ ಇಡೀ ಮಾತಿಗೇ ಅನ್ವಯಿಸಿಕೊಂಡಿದ್ದಾಳೆ. ‘ಹೇಳ್ರಿ’, ‘ಯಾಕ್ರೀ’, ‘ಹೌದ್ರಿ’ ಎಲ್ಲವನ್ನೂ ನುಂಗಿ, ಟಿ.ವಿ.ಯವರ ಕನ್ನಡವನ್ನು ತಲೆಯಲ್ಲಿ ಕಟ್ಟಿ, ಆಮೇಲೆ ಬಾಯಿ ಬಿಡುತ್ತಿದ್ದಳು. ಅಂದರೆ ಅವಳ ಅಂಕ ಇಳಿಸುತ್ತಿದ್ದದ್ದು ಅವಳ ಭಾಷೆಯಲ್ಲ. ಆ ಭಾಷೆಯ ಬಗ್ಗೆ ಅವಳಿಗೆ ಸಿಕ್ಕ ಫೀಡ್‌ಬ್ಯಾಕ್!

ಇಬ್ಬರೂ ಸ್ಕೋರ್ ಶೀಟ್ ಬಿಡಿಸಿ ಓದಿದೆವು. ಭಾಷೆಯ ಸಾಲಿನಲ್ಲಿ ಇದ್ದದ್ದು ‘ಗ್ರಾಹಕರಿಗೆ ಅರ್ಥವಾಗುವಂತೆ, ಗೌರವದಿಂದ’ ಎಂದಷ್ಟೇ. ಯಾವ ಜಿಲ್ಲೆಯ ಕನ್ನಡ ಎಂದು ಎಲ್ಲೂ ಇಲ್ಲ. ‘ರೀ’ಗಿಂತ ಹೆಚ್ಚಿನ ಗೌರವ ಇನ್ನೇನು ಬೇಕು? ‘ನಿನ್ನ ಮಾತು ನಿನ್ನ ಹಾಗೇ ಇರಲಿ. ಮುಂದಿನ ಹತ್ತು ಕರೆಗಳಲ್ಲಿ ಒಂದೇ ಒಂದು ಕೆಲಸ ಮಾಡು. ಸ್ಕ್ರೀನ್ ನೋಡುವಾಗ ಏನು ನೋಡ್ತಿದ್ದೀಯ ಅಂತ ಬಾಯಿಬಿಟ್ಟು ಹೇಳು’ ಎಂದೆ. ‘ನಿಮ್ಮ ಬಿಲ್ ತಗದು ನೋಡಾಕತ್ತೀನ್ರಿ, ಒಂದ್ ನಿಮಿಷ ಲೈನ್ ಮ್ಯಾಲ ಇರ್ರಿ.’ ಇಷ್ಟೇ. ಅದೇ ವಾರದ ಕ್ಯಾಲಿಬ್ರೇಷನ್ ಮೀಟಿಂಗಿನಲ್ಲಿ ಅವಳ ಕರೆಯನ್ನೇ ಇಟ್ಟೆ. ಕ್ಯಾಲಿಬ್ರೇಷನ್ ಎಂದರೆ ಅಂಕ ಕೊಡುವವರೆಲ್ಲ ಒಂದೇ ಕರೆಯನ್ನು ಕೇಳಿ, ಬೇರೆ ಬೇರೆಯಾಗಿ ಅಂಕ ಹಾಕಿ, ವ್ಯತ್ಯಾಸ ಎಲ್ಲಿ ಬಂತೆಂದು ಚರ್ಚಿಸುವುದು. ಭಾಷೆಯ ಸಾಲಿನಲ್ಲಿ ಒಬ್ಬರು 10ಕ್ಕೆ 9 ಕೊಟ್ಟಿದ್ದರು, ಇನ್ನೊಬ್ಬರು 4. ಅರ್ಧ ಗಂಟೆ ಜೋರು ಚರ್ಚೆ ನಡೆಯಿತು. ಕೊನೆಗೆ ಪ್ರಾದೇಶಿಕ ಉಚ್ಚಾರಕ್ಕೆ ಅಂಕ ಕಳೆಯುವಂತಿಲ್ಲ ಎಂದು ಬರೆದಿಟ್ಟೆವು.

ಮರುದಿನವೇ ಪವಾಡವೇನೂ ನಡೆಯಲಿಲ್ಲ. ಮೊದಲ ವಾರ ಅವಳ ಕರೆಗಳ ಅವಧಿ ಉದ್ದವಾಗಿ ಟೀಮ್ ಲೀಡರ್ ಗೊಣಗಿದರು. ಎರಡನೇ ವಾರದಿಂದ ಮೌನ ಕಡಿಮೆಯಾಯಿತು. ಪ್ರೊಬೆಷನ್ ಮುಗಿಯಲು ನಾಲ್ಕು ದಿನ ಇದ್ದಾಗ ಸರಾಸರಿ 87ಕ್ಕೆ ಬಂತು. ಹುಬ್ಬಳ್ಳಿ, ಗದಗ ಕಡೆಯ ಗ್ರಾಹಕರು ‘ಯಾ ಊರವ್ವಾ ನಿಂದು?’ ಎಂದು ವಿಚಾರಿಸತೊಡಗಿದ್ದು ಅಂಕಪಟ್ಟಿಯಲ್ಲಿ ಎಲ್ಲೂ ದಾಖಲಾಗಿಲ್ಲ.

ಅಂಶ ಹೇಳಿ, ಜಾತಕ ಬೇಡ

‘ನೀನು ಕಾನ್ಫಿಡೆಂಟ್ ಅಲ್ಲ’ ಎನ್ನುವುದು ಮನುಷ್ಯನ ಬಗ್ಗೆ ಹೇಳಿದ ಮಾತು. ‘ಎರಡನೇ ನಿಮಿಷದಲ್ಲಿ 40 ಸೆಕೆಂಡ್ ಮೌನ ಇತ್ತು’ ಎನ್ನುವುದು ಕೆಲಸದ ಬಗ್ಗೆ ಹೇಳಿದ ಮಾತು. ಮೊದಲನೆಯದನ್ನು ಕೇಳಿದವರು ತಮ್ಮನ್ನು ಸಮರ್ಥಿಸಿಕೊಳ್ಳುತ್ತಾರೆ ಅಥವಾ ಕುಗ್ಗುತ್ತಾರೆ. ಎರಡನೆಯದನ್ನು ಕೇಳಿದವರು ರೆಕಾರ್ಡಿಂಗ್ ಇನ್ನೊಮ್ಮೆ ಹಾಕಿ ಎನ್ನುತ್ತಾರೆ. ಇದು ನನ್ನೊಬ್ಬಳ ಅನುಭವವಲ್ಲ. ಫೀಡ್‌ಬ್ಯಾಕ್ ಕೊಟ್ಟರೆ ಕೆಲಸ ಸುಧಾರಿಸಿಯೇ ತೀರುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 1996ರಲ್ಲಿ, ಅವ್ರಹಾಮ್ ಕ್ಲೂಗರ್ ಮತ್ತು ಆಂಜೆಲೊ ಡಿನಿಸಿ ಎಂಬ ಇಬ್ಬರು ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, 600ಕ್ಕೂ ಹೆಚ್ಚು ಫಲಿತಾಂಶಗಳನ್ನು ಪರಿಶೀಲಿಸಿದರು. ಸರಾಸರಿಯಲ್ಲಿ ಲಾಭವಿತ್ತು, ನಿಜ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಫೀಡ್‌ಬ್ಯಾಕ್ ಬಂದ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು! ಗಮನ ಕೆಲಸದಿಂದ ಜಾರಿ ‘ನಾನು ಎಂಥವನು’ ಎಂಬುದರ ಕಡೆಗೆ ಹೊರಳಿದಷ್ಟೂ ಫಲ ಕಡಿಮೆ ಎಂಬುದು ಅವರ ವಿವರಣೆ. ಹಾವೇರಿಯ ಹುಡುಗಿಗೆ ಆಗಿದ್ದೂ ಅದೇ ಅಲ್ಲವೆ?

ಕನ್ನಡದಲ್ಲಿ ಫೀಡ್‌ಬ್ಯಾಕ್‌ಗೆ ಹಿಮ್ಮಾಹಿತಿ ಎಂಬ ಪದವಿದೆ. ಪಠ್ಯಪುಸ್ತಕದ ಹೊರಗೆ ಯಾರೂ ಬಳಸಿದ್ದು ಕೇಳಿಲ್ಲ. ನನಗೆ ಇಷ್ಟವಾಗುವುದು ನಮ್ಮ ಹಳೆಯ ‘ತಿದ್ದು’. ತಪ್ಪು ಸರಿಪಡಿಸುವುದಕ್ಕೂ ತಿದ್ದುವುದು ಎನ್ನುತ್ತೇವೆ, ಮಗು ಅಕ್ಷರ ಕಲಿಯುವುದಕ್ಕೂ ತಿದ್ದುವುದು ಎನ್ನುತ್ತೇವೆ. ಸ್ಲೇಟಿನ ಮೇಲೆ ಅಜ್ಜನೋ ಮೇಷ್ಟರೋ ದಪ್ಪಗೆ ‘ಅ’ ಬರೆದುಕೊಡುತ್ತಿದ್ದರು. ಅದರ ಮೇಲೆ ಬಳಪ ಆಡಿಸಿ ಆಡಿಸಿ ಆ ಅಕ್ಷರ ಹಲಸಿನ ತೊಳೆಯಷ್ಟು ದಪ್ಪವಾಗುತ್ತಿತ್ತು. ಅಲ್ಲಿ ಮೊದಲು ಬರುವುದು ಸರಿಯಾದ ಅಕ್ಷರ. ಮಗುವಿನ ಸೊಟ್ಟ ಗೆರೆ ಆಮೇಲಿನದು. ಆಫೀಸಿನಲ್ಲಿ ಇದು ತಿರುಗುಮುರುಗು. ತಪ್ಪು ತೋರಿಸುತ್ತೇವೆ, ಸರಿ ಹೇಗಿರುತ್ತದೆ ಎಂದು ತೋರಿಸುವುದೇ ಇಲ್ಲ.

ಹಾಗಾಗಿ ನಾನು ಮೊದಲು ಚೆನ್ನಾಗಿರುವ ಒಂದು ಕರೆ ಕೇಳಿಸುತ್ತೇನೆ, ಆಮೇಲೆ ಅವರದ್ದು. ಇದಕ್ಕೆ ಇನ್ನೊಂದು ಕಾರಣವೂ ಇದೆ. ತಮ್ಮದೇ ಧ್ವನಿಯನ್ನು ಮೊದಲ ಸಲ ರೆಕಾರ್ಡಿಂಗಿನಲ್ಲಿ ಕೇಳಿದವರು ‘ಅಯ್ಯೋ, ಇದು ನಾನಾ?’ ಎಂದು ಮುಖ ಕಿವುಚುತ್ತಾರೆ. ನಾವು ಮಾತಾಡುವಾಗ ನಮ್ಮ ಧ್ವನಿ ಗಾಳಿಯ ಮೂಲಕವಷ್ಟೇ ಅಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ಕಿವಿಗೆ ಮುಟ್ಟುವುದರಿಂದ ತುಂಬಿಕೊಂಡಂತೆ ಕೇಳಿಸುತ್ತದೆ. ರೆಕಾರ್ಡಿಂಗಿನಲ್ಲಿ ಆ ಭಾಗ ಇರುವುದಿಲ್ಲ, ಧ್ವನಿ ಬಡಕಲಾಗುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಆತಂಕ ಇಳಿಯುತ್ತದೆ. ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಹತ್ತರಲ್ಲಿ ಆರೇಳು ಜನ ನಾನು ಹೇಳಬೇಕೆಂದಿದ್ದನ್ನು ತಾವೇ ಹೇಳುತ್ತಾರೆ. ಅವರೇ ಕಂಡುಕೊಂಡದ್ದು ಅವರಿಗೆ ನೆನಪಿರುತ್ತದೆ. ಹೊರಗಿನಿಂದ ಬಂದದ್ದು ಡೈರಿಯಲ್ಲಿ ಉಳಿಯುತ್ತದೆ.

ಒಂದು ಸಲಕ್ಕೆ ಒಂದೇ ವಿಷಯ. ಕರೆಯಲ್ಲಿ ಏಳು ತಪ್ಪು ಸಿಕ್ಕಿರಬಹುದು, ಏಳನ್ನೂ ಹೇಳಿದರೆ ಒಂದೂ ಉಳಿಯುವುದಿಲ್ಲ. ಗ್ರಾಹಕರಿಗೆ ಹೆಚ್ಚು ತೊಂದರೆ ಕೊಟ್ಟದ್ದು ಯಾವುದೋ ಅದನ್ನು ಆರಿಸಬೇಕು. ‘ಫೇಟಲ್’ ಎನ್ನುವ ತಪ್ಪುಗಳು ಮಾತ್ರ ಇದಕ್ಕೆ ಹೊರತು. ಗುರುತು ಖಚಿತಪಡಿಸಿಕೊಳ್ಳದೆ ಯಾರದೋ ಖಾತೆಯ ವಿವರ ಇನ್ಯಾರಿಗೋ ಹೇಳಿಬಿಡುವಂಥದ್ದು. ಅಲ್ಲಿ ಇಡೀ ಕರೆಗೆ ಸೊನ್ನೆ. ಅದನ್ನು ಸುತ್ತಿ ಬಳಸಿ ಹೇಳಬಾರದು, ನಾಳೆಗೆ ಮುಂದೂಡಲೂಬಾರದು.

ಇನ್ನೊಂದು ಸೂಕ್ಷ್ಮ ನಮ್ಮ ಭಾಷೆಗೇ ವಿಶೇಷವಾದದ್ದು. ಊಟದ ಹೊತ್ತಿಗೆ ‘ಏನೇ, ಇವತ್ತೂ ಚಿತ್ರಾನ್ನನಾ?’ ಎಂದವಳು ಮೂರು ಗಂಟೆಗೆ ರೂಮಿನಲ್ಲಿ ‘ನೀವು ಈ ಕಾಲ್‌ನಲ್ಲಿ...’ ಎಂದು ಶುರು ಮಾಡಿದರೆ ಎದುರಿನವಳ ಎದೆ ಧಸಕ್ ಎನ್ನುತ್ತದೆ. ಬಹುವಚನ ನಮ್ಮಲ್ಲಿ ಗೌರವವೂ ಹೌದು, ದೂರ ತಳ್ಳುವ ಕೋಲೂ ಹೌದು. ಹೊರಗೆ ಹೇಗೆ ಮಾತಾಡಿಸುತ್ತೇವೋ ಒಳಗೂ ಹಾಗೇ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಎರಡು ಮಕ್ಕಳಾದ ಮೇಲೆ ಕೆಲಸಕ್ಕೆ ಮರಳಿದವರು ತಂಡದಲ್ಲಿದ್ದಾರೆ. ಅವರಿಗೆ ಎಲ್ಲ ಕಡೆಯೂ ‘ನೀವು’.

ಬರೀ ಹೊಗಳಿದರೆ?

ಮೃದುವಾಗಿ ಹೇಳುವುದೇ ಬೆಂಬಲ ಎಂದು ಅಂದುಕೊಂಡವರು ಬಹಳ. ಅದಕ್ಕಾಗಿಯೇ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ‘ಸ್ಯಾಂಡ್‌ವಿಚ್’ ವಿಧಾನ ಹೇಳಿಕೊಡುತ್ತಾರೆ. ಮೇಲೊಂದು ಹೊಗಳಿಕೆ, ನಡುವೆ ಟೀಕೆ, ಕೆಳಗೆ ಮತ್ತೊಂದು ಹೊಗಳಿಕೆ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಎರಡು ಸಲ ಈ ಸ್ಯಾಂಡ್‌ವಿಚ್ ತಿಂದವರು ಮೂರನೇ ಸಲ ಹೊಗಳಿಕೆ ಕೇಳುವಾಗಲೇ ‘ಆದ್ರೆ’ ಎಂಬ ಪದಕ್ಕೆ ಕಾಯತೊಡಗುತ್ತಾರೆ. ನಿಜವಾಗಿ ಹೊಗಳಿದ್ದೂ ಅವರ ಕಿವಿಗೆ ಬೀಳುವುದಿಲ್ಲ. ಮೆಚ್ಚಬೇಕಾದದ್ದಿದ್ದರೆ ಅದನ್ನು ಅದರ ಪಾಡಿಗೆ, ಅಷ್ಟೇ ಸ್ಪಷ್ಟವಾಗಿ ಮೆಚ್ಚಬೇಕು. ‘ಸೂಪರ್ ಮಗಾ’ ಎಂದರೆ ಸಾಲದು. ‘ಆ ಅಜ್ಜಿ ಮೂರನೇ ಸಲ ಅದೇ ಪ್ರಶ್ನೆ ಕೇಳಿದಾಗಲೂ ನೀನು ಮೊದಲ ಸಲದ ಹಾಗೇ ಉತ್ತರ ಕೊಟ್ಟೆ’ ಎಂದರೆ ಅವನು ಅದನ್ನು ಮತ್ತೆ ಮಾಡಬಲ್ಲ.

ನಮ್ಮಲ್ಲಿ ಬೆಂಗಳೂರಿನ ಹುಡುಗನೊಬ್ಬನಿದ್ದ. ಮಾತು ಅರಳು ಹುರಿದಂತೆ. ಎರಡು ತಿಂಗಳು ಸಾಲಾಗಿ ತಂಡದ ಮೊದಲಿಗ, ಅವನಿಗೆ ಬಂದ ಫೀಡ್‌ಬ್ಯಾಕೆಲ್ಲ ‘ಎಕ್ಸಲೆಂಟ್’. ಅವನ ಕರೆಗಳ ಮುಂದಿನ ಕಥೆಯನ್ನು ಹಿಂಬಾಲಿಸಿದಾಗ ಬೇರೆಯದೇ ಚಿತ್ರ ಕಂಡಿತು. ಅವನ ಹತ್ತಿರ ಮಾತಾಡಿ ಖುಷಿಯಾಗಿ ಫೋನ್ ಇಟ್ಟವರಲ್ಲಿ ಎಷ್ಟೋ ಮಂದಿ ಮೂರು ದಿನದೊಳಗೆ ಮತ್ತೆ ಫೋನ್ ಮಾಡುತ್ತಿದ್ದರು. ಕಾರಣ, ಐದು ದಿನ ಬೇಕಾಗುವ ಕೆಲಸಕ್ಕೂ ಅವನು ‘24 ಗಂಟೇಲಿ ಆಗುತ್ತೆ ಸರ್, ನನ್ನ ಮಾತು’ ಎನ್ನುತ್ತಿದ್ದ. ಆ ಮಾತಿನ ಬಿಸಿ ತಟ್ಟುತ್ತಿದ್ದದ್ದು ಮುಂದಿನ ಕರೆ ಎತ್ತಿದ, ಏನೂ ಗೊತ್ತಿಲ್ಲದ ಇನ್ಯಾರಿಗೋ. ಒಂಬತ್ತು ಕರೆಗಳ ಪಟ್ಟಿ ಮಾಡಿ, ಅವನು ಕೊಟ್ಟ ದಿನ ಒಂದು ಕಡೆ, ಕೆಲಸ ಆದ ದಿನ ಇನ್ನೊಂದು ಕಡೆ ಬರೆದು ಮುಂದಿಟ್ಟೆ. ‘ನೀನು ಹೀಗೆ ಹೇಳೋದನ್ನ ನಿಲ್ಲಿಸಬೇಕು’ ಎಂದು ನೇರವಾಗಿಯೇ ಹೇಳಿದೆ. ಸಿಟ್ಟಾದ. ಮೂರು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಸುಳ್ಳು ಗಡುವು ನಿಂತಿತು, ಅವನ ಗ್ರಾಹಕ ರೇಟಿಂಗೂ ಸ್ವಲ್ಪ ಇಳಿಯಿತು. ಎರಡು ತಿಂಗಳ ಬಳಿಕ ಮಾರಾಟದ ಕೆಲಸ ಸಿಕ್ಕಿ ಬಿಟ್ಟು ಹೋದ. ಅದು ಕೋಚಿಂಗಿನ ಗೆಲುವೋ ಸೋಲೋ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಮರುಕರೆಗಳು ಕಡಿಮೆಯಾದದ್ದು ಮಾತ್ರ ಲೆಕ್ಕದಲ್ಲಿ ಇದೆ.

ಕಠಿಣವಾದದ್ದನ್ನು ಹೇಳುವಾಗ ಯಾವ ನಂಬಿಕೆಯ ಮೇಲೆ ನಿಂತು ಹೇಳುತ್ತೇವೆ ಎಂಬುದೂ ಮುಖ್ಯ. ಅಮೆರಿಕದಲ್ಲಿ ಡೇವಿಡ್ ಯೇಗರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಶಾಲಾ ಮಕ್ಕಳ ಪ್ರಬಂಧಗಳನ್ನು ಶಿಕ್ಷಕರು ಎಂದಿನಂತೆ ತಿದ್ದಿದರು. ಕೆಲವು ಮಕ್ಕಳ ಹಾಳೆಗೆ ‘ನಿನ್ನಿಂದ ದೊಡ್ಡ ನಿರೀಕ್ಷೆ ಇದೆ, ನೀನು ಅದನ್ನು ಮುಟ್ಟಬಲ್ಲೆ, ಅದಕ್ಕೇ ಇದನ್ನು ಬರೆದಿದ್ದೇನೆ’ ಎಂಬರ್ಥದ ಚೀಟಿ ಅಂಟಿಸಿದರು. ಉಳಿದವರ ಹಾಳೆಗೆ ಸಾಧಾರಣ ಚೀಟಿ. ಮೊದಲ ಗುಂಪಿನಲ್ಲಿ ಪ್ರಬಂಧವನ್ನು ತಿದ್ದಿ ಬರೆದು ತಂದವರು ಹೆಚ್ಚು. ಅದರಲ್ಲೂ ಶಾಲೆ ತಮ್ಮನ್ನು ಕೀಳಾಗಿ ಕಾಣುತ್ತದೆ ಎಂಬ ಅನುಮಾನವಿದ್ದ ಕಪ್ಪು ಮಕ್ಕಳಲ್ಲಿ ವ್ಯತ್ಯಾಸ ಬಹಳ ದೊಡ್ಡದಿತ್ತು. ಕನ್ನಡ ಮಾಧ್ಯಮದಲ್ಲಿ ಓದಿ, ಸರ್ಕಾರಿ ಕಾಲೇಜಿನಿಂದ ಬಂದು, ಗಾಜಿನ ಕಟ್ಟಡದೊಳಗೆ ಕಾಲಿಟ್ಟ ಹುಡುಗ ಹುಡುಗಿಯರ ಮುಖದಲ್ಲಿ ಆ ಅನುಮಾನವನ್ನು ನಾನು ಪ್ರತಿ ಬ್ಯಾಚಿನಲ್ಲಿ ನೋಡುತ್ತೇನೆ. ಅವರಿಗೆ ಟೀಕೆ ಬೇಡ ಎಂದಲ್ಲ. ಆ ಟೀಕೆ ‘ನೀನು ಇಲ್ಲಿಗೆ ಸೇರಿದವನಲ್ಲ’ ಎಂದು ಕೇಳಿಸಬಾರದು, ಅಷ್ಟೇ.

ಎಲ್ಲ ತಪ್ಪೂ ನೌಕರರದ್ದೇ ಆಗಿರುವುದೂ ಇಲ್ಲ. ಒಂದು ತಿಂಗಳು ಇಡೀ ಬ್ಯಾಚಿನ ಹೋಲ್ಡ್ ಸಮಯ ಏರಿತ್ತು. ಎಲ್ಲರಿಗೂ ‘ವೇಗ ಹೆಚ್ಚಿಸಿ’ ಎಂಬ ಮೇಲ್ ಹೋಗುವುದರಲ್ಲಿತ್ತು. ಪಕ್ಕದಲ್ಲಿ ಕೂತು ನೋಡಿದರೆ, ಸಾಫ್ಟ್‌ವೇರ್ ಬದಲಾದ ಮೇಲೆ ಬಿಲ್ ತೆರೆಯುವ ಪುಟವೇ ತೆವಳುತ್ತಿತ್ತು. ಗಡಿಯಾರ ಹಿಡಿದು 20 ಕರೆಗಳಲ್ಲಿ ಆ ಪುಟ ತೆಗೆದುಕೊಂಡ ಸಮಯ ಬರೆದು ಮೇಲಿನವರಿಗೆ ಕಳಿಸಿದೆ. ಹಾಗೆ ಮೇಲಕ್ಕೆ ಕಳಿಸುವುದೂ ಫೀಡ್‌ಬ್ಯಾಕೇ. ಕೋಚ್ ಆದವರು ಈ ಕೆಲಸ ಮಾಡದಿದ್ದರೆ ಅವರ ‘ಬೆಂಬಲ’ದ ಮಾತನ್ನು ಯಾರು ನಂಬುತ್ತಾರೆ?

ಇನ್ನು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ರಾತ್ರಿ ಹತ್ತಕ್ಕೆ ಎಲ್ಲರ ಅಂಕಗಳನ್ನು ಕೆಂಪು–ಹಸಿರು ಬಣ್ಣ ಬಳಿದು ಹಾಕುವ ಪದ್ಧತಿ ಬಹಳ ಕಡೆ ಇದೆ. ಕೆಂಪಿನಲ್ಲಿದ್ದವರು ಆ ರಾತ್ರಿ ನಿದ್ದೆ ಮಾಡುವುದಿಲ್ಲ, ಮರುದಿನ ಮೊದಲ ಕರೆಯಲ್ಲಿ ಎಡವುತ್ತಾರೆ. ಮೆಚ್ಚುಗೆ ಗ್ರೂಪಿನಲ್ಲಿ, ತಿದ್ದುವುದು ರೂಮಿನಲ್ಲಿ ಎಂಬ ನಿಯಮ ನನ್ನ ತಂಡದಲ್ಲಿ ಈಗ ಇದೆ, ಅದಕ್ಕಾಗಿ ಒಂದಿಷ್ಟು ಜಗಳವನ್ನೂ ಆಡಬೇಕಾಯಿತು. ದೊಡ್ಡ ಕಂಪನಿಗಳೂ ಬದಲಾಗಿವೆ ಅನ್ನಿ. ವರ್ಷಕ್ಕೊಮ್ಮೆ ಅಪ್ರೈಸಲ್ ಮಾಡುವ ಪದ್ಧತಿಯನ್ನು ಅಡೋಬಿ 2012ರಲ್ಲಿ ಕೈಬಿಟ್ಟು ಆಗಾಗ ಮಾತಾಡುವ ‘ಚೆಕ್ ಇನ್’ ತಂದಿತು. ನೌಕರರನ್ನು ಒಬ್ಬರ ಕೆಳಗೊಬ್ಬರಂತೆ ಸಾಲು ಹಚ್ಚುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ನಿಲ್ಲಿಸಿತು.

ನೀವು ಕೇಳುವ ಜಾಗದಲ್ಲಿದ್ದರೆ

ಇದನ್ನು ಓದುತ್ತಿರುವವರಲ್ಲಿ ಹೆಚ್ಚಿನವರು ಫೀಡ್‌ಬ್ಯಾಕ್ ಕೊಡುವ ಕುರ್ಚಿಗೆ ಬರಲು ಇನ್ನೂ ಕೆಲವು ವರ್ಷ ಬೇಕು. ಅಲ್ಲಿಯವರೆಗೆ ಎಲ್ಲ ಬಾಸ್‌ಗಳೂ ಮೇಲಿನದ್ದನ್ನೆಲ್ಲ ಪಾಲಿಸುತ್ತಾರೆಂದು ನಂಬಿ ಕೂರುವಂತಿಲ್ಲ. ‘ನೀನು ಇಂಪ್ರೂವ್ ಆಗಬೇಕು’ ಎಂದು ಯಾರಾದರೂ ಹೇಳಿದರೆ ಒಳಗೇ ಬೇಯುವ ಬದಲು ಕೇಳಿ: ‘ಸರ್, ಈ ವಾರದ ಒಂದು ಉದಾಹರಣೆ ಕೊಡ್ತೀರಾ? ಮುಂದಿನ ಸಲ ನಾನು ಏನನ್ನು ಬೇರೆ ಥರ ಮಾಡಲಿ?’ ಧ್ವನಿ ತಗ್ಗಿಸಿ, ಪೆನ್ನು ಕೈಯಲ್ಲಿ ಹಿಡಿದು ಕೇಳಿದರೆ ಯಾರೂ ಇದನ್ನು ಉದ್ಧಟತನ ಎನ್ನುವುದಿಲ್ಲ. ಎಷ್ಟೋ ಸಲ ಹೇಳಿದವರಿಗೇ ಆಗ ಯೋಚನೆಗಿಟ್ಟುಕೊಂಡು, ನಿಜವಾದ ಉತ್ತರ ಹೊರಬರುತ್ತದೆ. ಕೇಳುತ್ತಿರುವಾಗಲೇ ‘ಅದು ಹಾಗಲ್ಲ ಸರ್, ಅವತ್ತು ಏನಾಯ್ತಂದ್ರೆ’ ಎಂದು ಶುರು ಮಾಡಬೇಡಿ. ಬರೆದುಕೊಳ್ಳಿ, ಒಂದು ದಿನ ಬಿಟ್ಟು ಮಾತಾಡಿ. ‘ಎಮ್ಮೆ ಥರ ಕೂತಿದ್ದೀಯ’, ‘ನಿಮ್ಮ ಊರಿನವರೆಲ್ಲ ಹೀಗೇನಾ’ ಎಂಬಂಥ ಮಾತುಗಳು ಫೀಡ್‌ಬ್ಯಾಕ್ ಅಲ್ಲವೇ ಅಲ್ಲ. ಅವನ್ನು ತಾರೀಖು ಸಮೇತ ಬರೆದಿಟ್ಟು ಎಚ್.ಆರ್.ಗೆ ಮೇಲ್ ಮಾಡಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ದಾಖಲೆ ಉಳಿಯುವುದಿಲ್ಲ.

ಇಂಟರ್‌ವ್ಯೂಗಳಲ್ಲೂ ಈಗ ಈ ಪ್ರಶ್ನೆ ಸಾಮಾನ್ಯ: ‘ನಿಮಗೆ ಸಿಕ್ಕ ಕಠಿಣ ಫೀಡ್‌ಬ್ಯಾಕ್ ಯಾವುದು, ಆಮೇಲೆ ಏನು ಮಾಡಿದಿರಿ?’ ಕಳೆದ ತಿಂಗಳು ನಾನೂ ಪ್ಯಾನೆಲ್‌ನಲ್ಲಿ ಕೂತಿದ್ದೆ. ಸಾಲಾಗಿ ಮೂವರು ‘ನಾನು ತುಂಬಾ ಪರ್ಫೆಕ್ಷನಿಸ್ಟ್ ಅಂತ ಎಲ್ಲರೂ ಹೇಳ್ತಾರೆ’ ಎಂದರು. ಯೂಟ್ಯೂಬಿನಲ್ಲಿ ಒಂದೇ ವಿಡಿಯೊ ನೋಡಿ ಬಂದಿದ್ದರೋ ಏನೋ. ನಾಲ್ಕನೆಯವನು ಹಾಸನದ ಬೇಕರಿಯೊಂದರ ಕೌಂಟರಿನಲ್ಲಿ ಎರಡು ವರ್ಷ ನಿಂತವನು. ಸ್ವಲ್ಪ ಯೋಚಿಸಿ, ‘ಚಿಲ್ಲರೆ ಕೊಡೋವಾಗ ಗಿರಾಕಿ ಮುಖ ನೋಡಲ್ಲ ಅಂತ ಓನರ್ ಹೇಳಿದ್ರು ಮೇಡಂ. ಮುಖ ನೋಡಿದ್ರೆ ಎಣಿಕೆ ತಪ್ತಿತ್ತು. ಆಮೇಲೆ ಮೊದಲು ಎಣಿಸಿ ಟೇಬಲ್ ಮೇಲಿಟ್ಟು, ಮುಖ ನೋಡಿ ಎಷ್ಟು ಅಂತ ಹೇಳಿ ಕೈಗೆ ಕೊಡೋಕೆ ಶುರು ಮಾಡಿದೆ’ ಎಂದ. ಪಕ್ಕದಲ್ಲಿದ್ದ ಮ್ಯಾನೇಜರ್ ನನ್ನ ಕಡೆ ನೋಡಿ ಅವನ ಹೆಸರಿಗೆ ಟಿಕ್ ಹಾಕಿದರು. ಈಗ ಅವನು ನಮ್ಮಲ್ಲಿ ಟ್ರೇನಿಂಗ್‌ನಲ್ಲಿದ್ದಾನೆ, ಎರಡನೇ ವಾರ. ಸೋಮವಾರದಿಂದ ಲೈವ್ ಕರೆ ತೆಗೆದುಕೊಳ್ಳುತ್ತಾನೆ. ನಿಮ್ಮಲ್ಲಿ ಯಾರಾದರೂ ಫೋನ್ ಮಾಡಿದರೆ ಅವನಿಗೆ ಸಿಕ್ಕರೂ ಸಿಗಬಹುದು.